ದೊಡ್ಡ ಎಸ್ಟೇಟ್ ಗೇಟಿನಲ್ಲಿ ಇಲ್ಲದ ಆನೆ

ಹೋದ ತಿಂಗಳು ಗೆಳತಿಯ ಮದುವೆಗೆ ಅಂತ ಹಾಸನದಲ್ಲಿ ಮಂಗಳೂರು ಬಸ್ಸು ಹತ್ತಿದ್ದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು, ಬ್ಯಾಗಿನಲ್ಲಿ ಅಮ್ಮ ಕಟ್ಟಿಕೊಟ್ಟ ಕೋಡುಬಳೆ ಇತ್ತು, ಆರಾಮಾಗಿ ಕೂತಿದ್ದೆ. ಸಕಲೇಶಪುರ ಬಿಟ್ಟು ಆನೇಮಹಲ್ ಹತ್ತಿರ ಬರುವಷ್ಟರಲ್ಲಿ ಕಿಟಕಿಯಿಂದ ಒಂದು ವಾಸನೆ ನುಗ್ಗಿತು. ಕಾಫಿ ಹಣ್ಣಿನ ಸಿಪ್ಪೆ ಸುಲಿದು ಒಂದು ಕಡೆ ಗುಡ್ಡೆ ಹಾಕಿರುತ್ತಾರಲ್ಲ, ಅದು ಕೊಳೆಯುವಾಗ ಬರುವ ಹುಳಿ ಹುಳಿ ನಾತ. ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು "ಏನ್ರೀ ಇದು, ಹೊಟ್ಟೆ ತೊಳಸ್ತದೆ" ಅಂದರು. ನನಗೆ ಮೂಗು ಮುಚ್ಚಬೇಕು ಅನ್ನಿಸಲಿಲ್ಲ. ಒಂದು ಸುಗ್ಗಿ ಪೂರ್ತಿ ನಾನು ಈ ವಾಸನೆಯಲ್ಲೇ ಎದ್ದು ಈ ವಾಸನೆಯಲ್ಲೇ ಮಲಗಿದವಳು. ಆ ಸುಗ್ಗಿಯ ಒಂದು ಬೆಳಗ್ಗೆ ನನಗೆ ಬಡಿದ ಶಾಕ್ ಇದೆಯಲ್ಲ, ಅದು ಇವತ್ತಿಗೂ ಮೈಯಿಂದ ಪೂರ್ತಿ ಇಳಿದಿಲ್ಲ.

ಆಗ ನಾನು ಹಾಸನದಲ್ಲಿ ಪತ್ರಿಕೋದ್ಯಮ ಓದುತ್ತಿದ್ದೆ, ಕೊನೇ ವರ್ಷ. ಎಲ್ಲರೂ ಎಲ್ಲಾದರೂ ಒಂದು ಕಡೆ ಹೋಗಿ ಕೆಲಸ ಕಲಿತು ಬರಬೇಕು ಅಂತ ಕಾಲೇಜಿನ ನಿಯಮ. ಜೊತೆಯವರೆಲ್ಲ ದೊಡ್ಡ ದೊಡ್ಡ ಟೀವಿ ಚಾನೆಲ್ಲುಗಳಿಗೆ ಹೋದರು. ನಾನು ಜ್ವರ ಬಂದು ಮಲಗಿದ್ದ ವಾರದಲ್ಲೇ ಒಳ್ಳೊಳ್ಳೆ ಜಾಗಗಳೆಲ್ಲ ಹಂಚಿ ಹೋಗಿ, ನನಗೆ ಉಳಿದದ್ದು ಸಕಲೇಶಪುರದ ಹತ್ತಿರ ಇರುವ ಒಂದು ಸಣ್ಣ ರೇಡಿಯೋ. "ಅಲ್ಲಿ ಹಾಡೇ ಹಾಕಲ್ವಂತೆ ಸರ್, ದಿನವಿಡೀ ಬರೀ ಮಾತಂತೆ" ಅಂತ ಮೇಷ್ಟ್ರ ಹತ್ತಿರ ಗೋಳಾಡಿದೆ. "ನಿನಗಿಂತ ಬೇರೆ ಯಾರನ್ನಮ್ಮ ಕಳಿಸಲಿ ಹಂಗಾದ್ರೆ?" ಅಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಒಂದೇ ಸಮಾಧಾನ ಅಂದರೆ ಅಲ್ಲೇ ದೋಣಿಗಲ್ ಕಡೆಗೆ ನಮ್ಮ ಸೋದರಮಾವನ ಮನೆ ಇತ್ತು. ಧರ್ಮಣ್ಣ ಅಂತ. ಅಮ್ಮನಿಗೆ ಒಬ್ಬರೇ ತಮ್ಮ. ಸಣ್ಣ ಕಾಫಿ ತೋಟ, ಮನೆ ಮುಂದೆ ಹಣ್ಣು ಒಣಗಿಸುವ ಸಿಮೆಂಟಿನ ಕಣ, ಹಿಂದೆ ಕೋಳಿಗೂಡು. ಮಾವನಿಗೆ ಮಕ್ಕಳಿಲ್ಲ. ನಾನು ಬರುತ್ತೇನೆ ಅಂತ ಗೊತ್ತಾಗಿದ್ದೇ ತಡ, ಅತ್ತೆ ಹೊಸ ರಗ್ಗು ತೆಗೆದಿಟ್ಟಿದ್ದರು, ಮಾವ ನನ್ನ ರೂಮಿಗೆ ಬಿಸಿನೀರಿನ ಗೀಸರ್ ಹಾಕಿಸಿದ್ದರು. "ನಮ್ ಪುಟ್ಟಿ ರೇಡಿಯೋದಲ್ಲಿ ಬರ್ತಾಳೆ ಕಣ್ರೋ" ಅಂತ ಊರಿಗೆಲ್ಲ ಸಾರಿಕೊಂಡು ಬಂದಿದ್ದರು. ನಾನು ಬರೀ ಕಲಿಯೋಕೆ ಹೋಗ್ತಿರೋದು ಮಾವ, ನನ್ನನ್ನ ಮೈಕ್ ಹತ್ರಕ್ಕೂ ಬಿಡಲ್ಲ ಅಂದರೆ, "ಬುಡಲ್ಲ ಅಂದ್ರೆ ನಾನ್ ಬಂದು ಕೇಳ್ತೀನಿ ಇರು" ಅನ್ನುತ್ತಿದ್ದರು.

ಮೊದಲ ದಿನ ರೇಡಿಯೋ ನೋಡಿ ನನಗೆ ಅಳುವೊಂದೇ ಬಾಕಿ. ಹಳೆಯ ಕಾಫಿ ಗೋದಾಮಿನ ಮೇಲೆ ಒಂದು ರೂಮು. ಹೊರಗಿನ ಸದ್ದು ಒಳಗೆ ಬರಬಾರದು ಅಂತ ಗೋಡೆಗೆಲ್ಲ ಗೋಣಿಚೀಲ ಹೊಡೆದು ಅದರ ಮೇಲೆ ಹಳೆ ಹಾಸಿಗೆ ಬಿಗಿದಿದ್ದರು. ಕೆಳಗೆ ಮೂಟೆ ಹೊರುವವರು ಕೂಗಿದರೆ ಅದೂ ಒಟ್ಟಿಗೇ ಪ್ರಸಾರವಾಗುತ್ತಿತ್ತು. ಆ ರೂಮಿನ ಯಜಮಾನ ಇಕ್ಬಾಲಣ್ಣ. ಮೊದಲು ಜೀಪು ಓಡಿಸಿಕೊಂಡಿದ್ದವರು, ಸೊಂಟ ಹಿಡಿದುಕೊಂಡ ಮೇಲೆ ಜೀಪು ಮಾರಿ ಮೈಕಿನ ಮುಂದೆ ಕೂತಿದ್ದರು. ಗಡಸು ದನಿ, ಬಾಯಿ ತೆರೆದರೆ ತಮಾಷೆ. "ಹಾಡು ಯಾಕಿಲ್ಲ?" ಅಂತ ಕೇಳಿದೆ. "ಹಾಡಿಗೆ ದುಡ್ಡು ಕೊಡ್ಬೇಕು ಮಾರಾಯ್ತಿ. ಮಾತು ಬಿಟ್ಟಿ ಸಿಗ್ತದೆ" ಅಂದರು.

ಆದರೆ ಆ ಬಿಟ್ಟಿ ಮಾತು ಎಂಥ ಮಾತು ಅಂತೀರಿ! ಮೈಕಿಗೆ ಹೆದರದ ಜನ. ಆಲೂರಿನಿಂದ ಒಬ್ಬ ಹೆಂಗಸು ಫೋನ್ ಮಾಡಿ, ಗಂಡ ಮೂರ್ಹೊತ್ತೂ ಮೊಬೈಲ್ ನೋಡ್ತಾನೆ ಅಂತ ಗಂಡನ ಹೆಸರು ಹೇಳಿಯೇ ಬೈದಳು. ಇನ್ನರ್ಧ ಗಂಟೆಗೆ ಆ ಗಂಡನೇ ಫೋನ್ ಮಾಡಿ "ಅವ್ಳು ಮಾಡೋ ಸಾರು ತಿಂದು ನೋಡಿ, ಆಮೇಲೆ ಮಾತಾಡಿ" ಅಂದ. ನಾನು ಬಾಯಿ ಕಳೆದುಕೊಂಡು ಕೂತಿದ್ದೆ. ಪಾಠದಲ್ಲಿ ಓದಿದ್ದ ಒಂದೂ ಇಲ್ಲಿ ಇರಲಿಲ್ಲ. ವಾರ ಕಳೆಯುವಷ್ಟರಲ್ಲಿ ನನಗೆ ಟೀವಿ ಚಾನೆಲ್ಲಿನ ಆಸೆ ಮರೆತೇಹೋಗಿತ್ತು.

ಈ ತಮಾಷೆಯೆಲ್ಲ ಬಿಸಿಲು ಏರಿದ ಮೇಲೆ. ಬೆಳಕು ಹರಿಯುವ ಹೊತ್ತಿನ ಕಾರ್ಯಕ್ರಮವೇ ಬೇರೆ. ಅದು ಆನೆ ಸುದ್ದಿ. ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳಬೇಕು. ಈ ಗುಡ್ಡಗಳಲ್ಲಿ ಆನೆಗಳು ಕಾಡಿನಲ್ಲಿ ಇರುವುದಿಲ್ಲ, ಕಾಫಿ ತೋಟದ ಒಳಗೇ ಇರುತ್ತವೆ. ಗಿಡದ ಮಧ್ಯೆ ನಿಂತ ಆನೆ ಹತ್ತು ಮಾರು ದೂರದಿಂದಲೂ ಕಾಣುವುದಿಲ್ಲ. ಹಣ್ಣು ಕುಯ್ಯಲು ಹೋದ ಹೆಂಗಸರು ಬುಟ್ಟಿ ಕಟ್ಟಿಕೊಂಡು ಸಾಲು ಹಿಡಿದು ಹೋಗುತ್ತ ಹೋಗುತ್ತ ನೇರ ಅದರ ಕಾಲ ಬುಡಕ್ಕೇ ಹೋಗಿಬಿಡಬಹುದು. ಹಾಗಾಗಿ ಎಲ್ಲಿ ಆನೆ ಐತೆ ಅಂತ ಕಂಡವರು ರೇಡಿಯೋಗೆ ಫೋನ್ ಮಾಡುವುದು, ಇಕ್ಬಾಲಣ್ಣ ಅದನ್ನು ಓದಿ ಹೇಳುವುದು, ಅದನ್ನು ಕೇಳಿಕೊಂಡೇ ಕೂಲಿಯವರು ಗಾಡಿ ಹತ್ತುವುದು. ಫೋನ್ ಮಾಡಿದವರ ದನಿ ಹಾಕುತ್ತಿರಲಿಲ್ಲ. ಯಾರ ತೋಟದಲ್ಲಿ ಆನೆ ಇದೆ ಅಂದರೂ ಆ ತೋಟದವರಿಗೆ ಆ ದಿನದ ಕೆಲಸ ಹೋಗುತ್ತೆ, ಹೇಳಿದವನ ಮೇಲೆ ಸಿಟ್ಟು ಬರುತ್ತೆ. ಅದಕ್ಕೇ ಹಾಗೆ.

ಫೋನ್ ಎತ್ತುತ್ತಿದ್ದದ್ದು ಇಕ್ಬಾಲಣ್ಣನ ನಾದಿನಿ ಫಾತಿಮಾ. ಅವಳು ಪ್ರತಿಯೊಬ್ಬರಿಗೂ ಅದದೇ ಪ್ರಶ್ನೆ ಕೇಳುತ್ತಿದ್ದಳು. ಎಲ್ಲಿ ನೋಡಿದ್ರಿ? ನೀವೇ ಕಣ್ಣಾರೆ ನೋಡಿದ್ರಾ? ಕೊನೆಗೆ, ನಿಮ್ಮನೆ ಮಕ್ಕಳನ್ನ ಇವತ್ತು ಆ ದಾರೀಲಿ ಕಳಿಸ್ತೀರಾ? ಈ ಕೊನೆಯದು ಯಾಕೆ ಅಂತ ಕೇಳಿದಾಗ ಇಕ್ಬಾಲಣ್ಣ, "ಸುಳ್ಳು ಹೇಳೋನಿಗೂ ಮನೆ ಮಕ್ಕಳ ವಿಷಯ ತೆಗೆದ್ರೆ ನಾಲಿಗೆ ತಡವರಿಸ್ತದೆ, ನೋಡ್ತಿರು" ಅಂದಿದ್ದರು.

ಆ ವರ್ಷ ಅಕಾಲದಲ್ಲಿ ಒಂದು ಮಳೆ ಹೊಡೆದು ಹಣ್ಣೆಲ್ಲ ಒಂದೇ ಸಲಕ್ಕೆ ಕೆಂಪಾಗಿ ನಿಂತಿತ್ತು. ಎಲ್ಲರಿಗೂ ಒಟ್ಟಿಗೇ ಆಳು ಬೇಕು. ಆಳು ಎಲ್ಲಿಂದ ಬರಬೇಕು? ಆಲೂರು ಕಡೆಯಿಂದ ರತ್ನಕ್ಕ ಅಂತ ಒಬ್ಬ ಮೇಸ್ತ್ರಿ ಹೆಂಗಸರ ಗುಂಪು ಕಟ್ಟಿಕೊಂಡು ದಿನಾ ಬೆಳಗ್ಗೆ ಬರುತ್ತಿದ್ದಳು. ಅವಳ ಗುಂಪನ್ನು ದೊಡ್ಡ ಎಸ್ಟೇಟಿನವರು ಸುಗ್ಗಿಗೆ ಮುಂಚೆಯೇ ಮಾತಾಡಿಕೊಂಡಿದ್ದರು. ದೊಡ್ಡ ಎಸ್ಟೇಟ್ ಅಂದರೆ ಮಾವನ ತೋಟಕ್ಕೂ ಹೆದ್ದಾರಿಗೂ ನಡುವೆ ಹಬ್ಬಿಕೊಂಡಿರುವ ತೋಟ, ಅದಕ್ಕೆ ಬೇರೆ ಹೆಸರಿದ್ದರೂ ಎಲ್ಲರೂ ಹಾಗೇ ಕರೆಯುವುದು. ರತ್ನಕ್ಕ ಹೆದ್ದಾರಿಯಿಂದ ತೋಟಗಳ ಕಡೆ ತಿರುಗುವ ಕಮಾನಿನ ಹತ್ತಿರ ಹೆಂಗಸರನ್ನು ಕೂರಿಸಿಕೊಂಡು ಆನೆ ಸುದ್ದಿ ಮುಗಿಯುವವರೆಗೆ ಕಾಯುತ್ತಿದ್ದಳು. ಹಿಂದೊಮ್ಮೆ ಅವಳ ಗುಂಪಿನ ಹೆಂಗಸೊಬ್ಬಳನ್ನು ಆನೆ ತುಳಿದು ಕೊಂದಿತ್ತು. ಆವತ್ತಿನಿಂದ ರೇಡಿಯೋ ಹೇಳದೆ ಅವಳು ಒಂದು ಹೆಜ್ಜೆ ಇಡಿಸುತ್ತಿರಲಿಲ್ಲ.

ಮಾವ ದಿನಾ ಬೆಳಗ್ಗೆ ಎದ್ದು ಗಿಡದ ಬುಡ ನೋಡಿ ಬರುತ್ತಿದ್ದರು. ಹಣ್ಣು ಉದುರಿ ನೆಲ ಕೆಂಪಾಗಿರುತ್ತಿತ್ತು. "ವರ್ಷವೆಲ್ಲ ಸಾಕಿದ್ದು ಕಣೆ, ಕಣ್ಣೆದ್ರಿಗೆ ಮಣ್ಣಾಗ್ತಾ ಐತೆ" ಅಂತ ಅತ್ತೆಯ ಮುಂದೆ ಹೇಳಿಕೊಳ್ಳುತ್ತಿದ್ದರು. ಊಟಕ್ಕೆ ಕೂತವರು ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ನನಗೆ ಸಂಕಟವಾಗುತ್ತಿತ್ತು. ರಜೆಯ ದಿನ ನಾನೂ ಅತ್ತೆಯೂ ಸೇರಿ ಕುಯ್ದರೆ ಎಷ್ಟು ಕುಯ್ಯಲು ಆಗುತ್ತೆ? ನನ್ನ ಕೈ ಬೆರಳೆಲ್ಲ ಕಪ್ಪಗಾಗಿ ಬೊಬ್ಬೆ ಎದ್ದಿತ್ತು, ಅಷ್ಟೇ ಲಾಭ.

ಹೀಗಿರುವಾಗ ಒಂದು ವಾರ ದೊಡ್ಡ ಎಸ್ಟೇಟಿನ ಗೇಟಿನ ಹತ್ತಿರ ಆನೆ, ಮರಿ ಸಮೇತ ಆನೆ ಅಂತ ಸುದ್ದಿ ಬರಲು ಶುರುವಾಯಿತು. ರತ್ನಕ್ಕನ ಗುಂಪು ಕಮಾನಿನ ಹತ್ತಿರವೇ ಕೂತುಬಿಡುತ್ತಿತ್ತು. ದಿನದ ಕೂಲಿ ಹೋಯಿತು ಅಂತ ಮುಖ ಸಣ್ಣ ಮಾಡಿಕೊಂಡು ಕೂತವರ ಮುಂದೆ ಗೇಟಿನ ದಾರಿ ಬಿಟ್ಟು ಹಳ್ಳದ ಕಡೆಯಿಂದ ಸುತ್ತಿಕೊಂಡು ಮಾವನ ತೋಟಕ್ಕೆ ಹೋಗುವ ಪಿಕಪ್ ಬಂದು ನಿಲ್ಲುತ್ತಿತ್ತು. ಬೇರೆ ಕೆಲಸ ಇಲ್ಲವಲ್ಲ, ಹತ್ತಿ ಬರುತ್ತಿದ್ದರು. ಸಂಜೆ ನಾನು ಮನೆಗೆ ಬಂದರೆ ಕಣದ ತುಂಬ ಹಣ್ಣು, ಮಾವನ ಮುಖದ ತುಂಬ ನಗು. ಒಂದು ದಿನ ಪೇಟೆಯಿಂದ ಬೂತಾಯಿ ಮೀನು ತಂದರು. "ನಿನ್ ಕಾಲ್ಗುಣ ಕಣೆ ಪುಟ್ಟಿ" ಅಂದರು. ನಾನು ಮೀನು ತಿಂದು ಖುಷಿಪಟ್ಟೆ. ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಹೊಳೆದದ್ದು ಇಕ್ಬಾಲಣ್ಣನಿಗೆ. ಆನೆ ಕಾಯುವ ಅರಣ್ಯ ಇಲಾಖೆಯ ವಾಚರುಗಳು ಹೋಗಿ ಹುಡುಕಿದರೆ ಆ ಗೇಟಿನ ಸುತ್ತ ಲದ್ದಿ ಇಲ್ಲ, ಹೆಜ್ಜೆ ಇಲ್ಲ, ಒಂದು ಕೊಂಬೆಯೂ ಮುರಿದಿಲ್ಲ. "ಆನೆ ಏನು ಗಾಳೀಲಿ ಹಾರಿಕೊಂಡು ಬಂತಾ?" ಅಂದರು ಇಕ್ಬಾಲಣ್ಣ. "ಯಾರೋ ಆಳು ತಿರುಗಿಸಿಕೊಳ್ಳೋಕೆ ಈ ಹಲ್ಕಾ ಕೆಲಸ ಮಾಡ್ತಾ ಇದ್ದಾನೆ. ರೇಡಿಯೋ ಸುಳ್ಳು ಹೇಳ್ತದೆ ಅಂತ ಒಂದ್ಸಲ ಜನದ ತಲೆಗೆ ಬಂದ್ಬಿಟ್ರೆ ಮುಗೀತು. ಆಮೇಲೆ ನಿಜವಾಗ್ಲೂ ಆನೆ ನಿಂತಿರೋ ದಿನ ನಾವು ಬಾಯಿ ಬಡ್ಕೊಂಡ್ರೂ ನಿಲ್ಲೋರು ಯಾರೂ ಇರಲ್ಲ." ಆವತ್ತು ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ನನಗೆ ಎಂಥ ಕೋಪ ಬಂತು ಅಂದರೆ, ಆ ಮನುಷ್ಯ ಸಿಕ್ಕರೆ ಕಪಾಳಕ್ಕೆ ಬಿಡಬೇಕು ಅಂದೆ. ಮನೆಗೆ ಬಂದು ಮಾವನ ಮುಂದೆಯೂ ಅದನ್ನೇ ಅಂದೆ. "ಹೌದಾ? ಎಂಥ ಜನಾನೋ" ಅಂದು ಮಾವ ಎದ್ದು ಕೋಳಿಗೂಡು ಮುಚ್ಚಲು ಹೋದರು.

ಅದಾಗಿ ಒಂದೆರಡು ದಿನಕ್ಕೆ ಫಾತಿಮಾ ರಜೆ ಹಾಕಿದಳು. ಅವಳ ತಾಯಿಗೆ ಹುಷಾರಿರಲಿಲ್ಲ. ಫೋನ್ ನೀನೇ ಎತ್ತು ಅಂತ ಇಕ್ಬಾಲಣ್ಣ ಹಿಂದಿನ ಸಂಜೆ ಹೇಳಿದ್ದರು. ಮನೆಯಲ್ಲಿ ಹೇಳಲಿಲ್ಲ ನಾನು. ಹೇಳಿದರೆ ಮಾವ ಊರೆಲ್ಲ ಸಾರುತ್ತಾರೆ, ನನ್ನ ಕೈಕಾಲು ನಡುಗುತ್ತೆ ಅಂತ. ಬೆಳಗ್ಗೆ ಎಂದಿನಂತೆ ಮಾವ ಸ್ಕೂಟರಿನಲ್ಲಿ ಬಿಡಲು ಬಂದರು. ಕೊರೆಯುವ ಚಳಿ, ಮಂಜು ಮುಸುಕಿತ್ತು. ದೊಡ್ಡ ಎಸ್ಟೇಟಿನ ಗೇಟಿನ ಮುಂದೆಯೇ ನಮ್ಮ ದಾರಿ. ಗೇಟಿನ ಹತ್ತಿರ ಮಾವ ಸ್ಕೂಟರ್ ನಿಲ್ಲಿಸಿ ಅಲ್ಲಿನ ವಾಚ್‌ಮನ್ ಹತ್ತಿರ ಬೀಡಿಗೆ ಬೆಂಕಿ ಕೇಳಿದರು. ಇಬ್ಬರೂ ಬೆಂಕಿ ಕಾಯಿಸಿಕೊಳ್ಳುತ್ತ ಚಳಿಯ ಬಗ್ಗೆ ಮಾತಾಡಿದರು. ನಾನು ಸ್ಕೂಟರ್ ಮೇಲೆ ಕೂತೇ ಚಳಿಗೆ ಹಲ್ಲು ಕಟಕಟಿಸುತ್ತಿದ್ದೆ. "ಹೋಗಣ ಮಾವ, ಲೇಟಾಗುತ್ತೆ" ಅಂದೆ. ಗೋದಾಮಿನ ಮುಂದೆ ಇಳಿಸಿ, ನನ್ನ ಮಫ್ಲರ್ ಸರಿಮಾಡಿ, "ಉಷಾರು" ಅಂತ ಹೇಳಿ ಹೋದರು.

ಆನೆ ಸುದ್ದಿ ಶುರುವಾಯಿತು. ಇಕ್ಬಾಲಣ್ಣ ಗಾಜಿನ ಆಚೆ ಮೈಕಿನ ಮುಂದೆ, ನಾನು ಈಚೆ ಫೋನಿನ ಮುಂದೆ. ಒಂದೆರಡು ಫೋನ್ ಬಂದವು, ಸರಿಯಾಗಿ ತೆಗೆದುಕೊಂಡೆ, ಧೈರ್ಯ ಬಂತು. ಆಮೇಲೆ ಯಾವುದೋ ಗೊತ್ತಿಲ್ಲದ ನಂಬರಿನಿಂದ ಒಂದು ಬಂತು.

"ನಮಸ್ಕಾರ, ಹೇಳಿ" ಅಂದೆ, ಫಾತಿಮಾಳ ಹಾಗೆ ರಾಗವಾಗಿ.

"ದೊಡ್ಡೆಸ್ಟೇಟ್ ಗೇಟತ್ರ ಆನೆ ನಿಂತವೆ ಕಣಮ್ಮ. ಮರಿ ಬೇರೆ ಐತೆ."

ನನ್ನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತುಹೋಯಿತು. ದನಿಯನ್ನು ಸ್ವಲ್ಪ ದಪ್ಪ ಮಾಡಿಕೊಂಡಿದ್ದರು. ಆದರೆ ಹುಟ್ಟಿದಾಗಿನಿಂದ ಕೇಳಿದ ದನಿ ಅದು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ತೋರಿಸಿದ ದನಿ. ಇಲ್ಲ ಇಲ್ಲ, ಇರಲಾರದು, ಅದೇ ಥರದ ದನಿ ಇನ್ನೊಬ್ಬರಿಗೆ ಇರಬಾರದಾ ಅಂದುಕೊಂಡೆ. ಬಾಯಿ ತನ್ನಷ್ಟಕ್ಕೆ ಮುಂದಿನ ಪ್ರಶ್ನೆ ಕೇಳಿತು. "ನೀವೇ ಕಣ್ಣಾರೆ ನೋಡಿದ್ರಾ?"

"ಈಗ್ಲೇ ನೋಡ್ಕೊಂಡ್ ಬಂದೆ. ರಾತ್ರಿಯಿಂದ್ಲೂ ಅಲ್ಲೇ ಅವೆ."

"ನಿಮ್ಮನೆ ಮಕ್ಕಳನ್ನ..." ಕೆಮ್ಮಿ ಮತ್ತೆ ಕೇಳಿದೆ. "ನಿಮ್ಮನೆ ಮಕ್ಕಳನ್ನ ಇವತ್ತು ಆ ದಾರೀಲಿ ಕಳಿಸ್ತೀರಾ?"

"ಎಲ್ಲಾದ್ರೂ ಉಂಟಾ! ನಮ್ಮನೇಲೂ ಒಂದು ಹೆಣ್ಮಗ ಐತೆ ಕಣಮ್ಮ. ಇವತ್ತು ಅವ್ಳನ್ನ ಹೊಸಿಲು ದಾಟಕ್ಕೇ ಬುಡ್ಲಿಲ್ಲ ನಾನು."

ಒಂದಿಷ್ಟೂ ತಡವರಿಸಲಿಲ್ಲ. ಇಕ್ಬಾಲಣ್ಣ ಹೇಳಿದ್ದು ಸುಳ್ಳಾಯಿತು. ನಾನು ಫೋನ್ ಇಟ್ಟೆ. ಕುತ್ತಿಗೆಗೆ ಮಾವ ಸುತ್ತಿದ ಮಫ್ಲರ್ ಇನ್ನೂ ಹಾಗೇ ಇತ್ತು, ಅದನ್ನು ಕಿತ್ತು ಕೆಳಗೆ ಎಸೆದೆ. ನನ್ನನ್ನೇ ಸಾಕ್ಷಿ ಮಾಡಿಕೊಂಡು ನನಗೇ ಸುಳ್ಳು ಹೇಳಿದರಲ್ಲ! ಗಾಜಿನ ಆಚೆಯಿಂದ ಇಕ್ಬಾಲಣ್ಣ, ಏನು ಸುದ್ದಿ ಅಂತ ಕೈಯಾಡಿಸಿದರು. ಮಾತಿನ ಮಧ್ಯೆ ಒಂದು ಜಾಹೀರಾತು ಹಾಕಿ ಬಾಗಿಲು ತೆರೆದರು.

"ದೊಡ್ಡ ಎಸ್ಟೇಟ್ ಗೇಟ್ ಅಂತೆ. ಸುಳ್ಳು ಅಣ್ಣ. ಹೇಳ್ಬೇಡಿ."

"ಸುಳ್ಳು ಅಂತ ನಿನಗೆ ಹೆಂಗೆ ಗೊತ್ತು?"

"ನಮ್ಮಾವ ಅಣ್ಣ ಅದು. ಈಗ ಅದೇ ಗೇಟಲ್ಲಿ ಬೀಡಿ ಹಚ್ಕೊಂಡು ನನ್ನ ಇಲ್ಲಿಗೆ ಬಿಟ್ಟು ಹೋದ್ರು."

ಇಕ್ಬಾಲಣ್ಣ "ಧರ್ಮಣ್ಣನಾ?" ಅಂದು ಹಾಗೇ ನಿಂತುಬಿಟ್ಟರು. ಅವರಿಬ್ಬರೂ ಒಟ್ಟಿಗೆ ಜೀಪಿನಲ್ಲಿ ಓಡಾಡಿದವರು. ಜಾಹೀರಾತು ಮುಗಿಯಿತು, ಅವರು ಒಳಗೆ ಓಡಿದರು, ಆ ಸುದ್ದಿಯನ್ನು ಹೇಳಲಿಲ್ಲ. ಸದ್ಯ ಅಷ್ಟಕ್ಕೆ ಮುಗಿಯಿತು ಅಂತ ನಾನು ಉಸಿರು ಬಿಡುವಷ್ಟರಲ್ಲಿ ಮತ್ತೆ ಫೋನ್ ಹೊಡೆದುಕೊಂಡಿತು. ಡೈರಿಗೆ ಹಾಲು ಒಯ್ಯುವ ಒಬ್ಬರು, ಏದುಸಿರು ಬಿಡುತ್ತಿದ್ದರು. ಧರ್ಮಣ್ಣನ ತೋಟದ ಕೆಳಗೆ ಹಳ್ಳದ ಮೋರಿ ಇದೆಯಲ್ಲ, ಅದರ ಹತ್ತಿರ ರಸ್ತೆಗೆ ಅಂಟಿಕೊಂಡೇ ಆನೆಗಳು ನಿಂತಿವೆ, ಮರಿ ಇದೆ, ನನ್ನ ಬೈಕು ಅಲ್ಲೇ ಬಿದ್ದಿದೆ, ಕ್ಯಾನು ಬಿಟ್ಟು ಓಡಿ ಬಂದೆ ಅಂದರು. ಮಕ್ಕಳನ್ನು ಕಳಿಸ್ತೀರಾ ಅಂತ ಕೇಳುವ ಅಗತ್ಯವೇ ಬೀಳಲಿಲ್ಲ, ಆ ಮನುಷ್ಯ ಅಳುತ್ತಿದ್ದರು.

ಇಕ್ಬಾಲಣ್ಣ ಆ ಸುದ್ದಿಯನ್ನು ಒಂದಕ್ಕೆರಡು ಸಲ ಓದಿದರು. ಓದಿ ಮುಗಿಸುವುದರೊಳಗೆ ಇನ್ನೊಂದು ಫೋನ್. ರತ್ನಕ್ಕ. ಹಿಂದೆ ಗಾಡಿಯ ಸದ್ದು, ಹೆಂಗಸರ ಗಲಾಟೆ. "ಇಕ್ಬಾಲಣ್ಣಂಗೆ ಕೊಡಮ್ಮ" ಅಂತ ಜೋರು ಮಾಡಿದಳು. ನಾನು ಕೈಯಾಡಿಸಿದೆ, ಇಕ್ಬಾಲಣ್ಣ ಹಾಗೇ ನೇರ ಪ್ರಸಾರಕ್ಕೆ ಹಾಕು ಅಂದರು. ಹಾಕಿದೆ.

"ಏನ್ ಇಕ್ಬಾಲಣ್ಣ ಇದು? ಪಿಕಪ್‌ನೋನು ಬಂದು ದೊಡ್ಡೆಸ್ಟೇಟಲ್ಲಿ ಆನೆ ಐತೆ, ರೇಡಿಯೋದಲ್ಲೂ ಈಗ ಬತ್ತದೆ, ಧರ್ಮಣ್ಣನ ತೋಟಕ್ಕೆ ಹತ್ತಿ ಅಂದ. ವಾರದಿಂದ್ಲೂ ಹಂಗೇ ಆಗ್ತಿತ್ತಲ್ಲ ಅಂತ ಹತ್ತುದ್ವಿ. ಅರ್ಧ ದಾರಿ ಬಂದ್ಮೇಲೆ ನೀನು ಧರ್ಮಣ್ಣನ ತೋಟದ್ ಕೆಳ್ಗೇ ಆನೆ ಅಂತೀಯ. ಯಾವ್ದನ್ನ ನಂಬದು?"

"ನಾನು ಹೇಳಿದ್ದನ್ನ ನಂಬು ರತ್ನಕ್ಕ. ಗಾಡಿ ನಿಲ್ಲಿಸು."

"ವಾರದಿಂದ ನಂಬ್ಕೊಂಡೇ ಬಂದಿಲ್ವಾ? ಎಲ್ಲಿತ್ತು ಆನೆ? ದೊಡ್ಡೆಸ್ಟೇಟಲ್ಲಿ ಕೂಲಿ ಲೆಕ್ಕ ಬರೆಯೋ ರೈಟರ್ ನಮ್ಮನ್ನ ಬಾಯ್ಗೆ ಬಂದಂಗೆ ಬೈದ, ನೀವೇ ಆನೆ ಕತೆ ಕಟ್ಟಿ ಕೆಲ್ಸ ಬುಟ್ಟೋದ್ರಿ ಅಂತ. ಇದೂ ಸುಳ್ಳೇ. ಆಳು ಬ್ಯಾರೆ ಕಡೆ ತಿರುಗುಸ್ಕಳಕ್ಕೆ ಇನ್ಯಾವನೋ ಹೇಳವ್ನೆ. ನಡಿಯೋ ಮಾರಾಯ, ನೀ ಗಾಡಿ ಓಡ್ಸು."

ಗಾಡಿ ಗೇರು ಬದಲಿಸಿದ ಸದ್ದು ಸ್ಪೀಕರಿನಲ್ಲಿ ಕೇಳಿಸಿತು. ಇಕ್ಬಾಲಣ್ಣ "ರತ್ನಕ್ಕ, ರತ್ನಕ್ಕ, ಅಲ್ಲಾನ ಆಣೆ" ಅನ್ನುತ್ತಿದ್ದರು, ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ನಾನು ಎದ್ದು ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಯೋಚನೆ ಮಾಡಿ ಹೋದೆ ಅಂತ ಹೇಳಿದರೆ ಅದು ಸುಳ್ಳು. ನಾನು ಇಕ್ಬಾಲಣ್ಣನ ಭುಜದ ಮೇಲಿಂದ ಬಗ್ಗಿ ಮೈಕಿಗೆ ಬಾಯಿಟ್ಟೆ.

"ರತ್ನಕ್ಕ, ನಾನು ಧರ್ಮಣ್ಣನ ಅಕ್ಕನ ಮಗಳು, ಸಿಂಧು. ದೊಡ್ಡ ಎಸ್ಟೇಟ್ ಗೇಟಲ್ಲಿ ಆನೆ ಇಲ್ಲ. ಅದನ್ನ ಹೇಳಿದ್ದು ನಮ್ಮಾವ. ವಾರದಿಂದ ಬಂದ ಸುಳ್ಳೂ ಅವರದ್ದೇ ಇರಬೇಕು. ನಿಮ್ಮನ್ನ ತೋಟಕ್ಕೆ ಕರೆಸಿಕೊಳ್ಳೋಕೆ. ಈಗ ನಾನೇ ಆ ಗೇಟು ದಾಟಿ ಬಂದೆ. ಆದ್ರೆ ಮೋರಿ ಹತ್ರ ಇರೋ ಆನೆ ನಿಜ, ಹೇಳಿದವರು ಅಳ್ತಾ ಇದ್ರು. ನಿಮ್ಮ ಕಾಲು ಹಿಡ್ಕೊಳ್ತೀನಿ, ಗಾಡಿ ನಿಲ್ಸಿ."

ಗಾಡಿ ಇನ್ನೂ ಓಡುತ್ತಿತ್ತು. ಆಮೇಲೆ ರತ್ನಕ್ಕ "ನಿಲ್ಸೋ" ಅಂದದ್ದು ಕೇಳಿಸಿತು. ಬ್ರೇಕಿನ ಕಿರಿಚು. ಇಂಜಿನ್ ಆರಿತು. ಹೆಂಗಸರೆಲ್ಲ ಉಸಿರು ಬಿಗಿಹಿಡಿದಿದ್ದರು ಅಂತ ಕಾಣುತ್ತೆ, ಎಲ್ಲೋ ಒಂದು ಹಕ್ಕಿ ಕೂಗಿದ್ದೂ ನಮಗೆ ಕೇಳಿಸಿತು. ಅಷ್ಟರಲ್ಲಿ ಆನೆ ಘೀಳಿಟ್ಟಿತು. ದೇವರೇ, ಅದು ದೂರದ ಸದ್ದಲ್ಲ, ಫೋನಿಗೇ ಬಾಯಿಟ್ಟು ಕೂಗಿದ ಹಾಗಿತ್ತು. ಸ್ಪೀಕರ್ ಗರಗರ ಅಂತು. ಹೆಂಗಸರು ಕಿರುಚಿದರು, ಯಾರೋ "ರಿವರ್ಸ್, ರಿವರ್ಸ್" ಅಂತ ಅರಚಿದರು, ಗಾಡಿ ಹಿಂದಕ್ಕೆ ಗೊಯ್ಯೋ ಅನ್ನುತ್ತ ಓಡಿತು, ಫೋನು ಎಲ್ಲೋ ಬಿದ್ದು ಕಟ್ ಆಯಿತು.

ಆಮೇಲಿನ ಹೊತ್ತನ್ನು ನಾನು ಹೇಗೆ ಹೇಳಲಿ. ಇಕ್ಬಾಲಣ್ಣ ಮೈಕಿನ ಮುಂದೆ ಕೂತಿದ್ದರು, ಬರೀ ತುಟಿ ಅಲ್ಲಾಡುತ್ತಿತ್ತು. ಕೆಳಗೆ ಮೂಟೆ ಹೊರುವವರು ಕೆಲಸ ನಿಲ್ಲಿಸಿ ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಕೊನೆಗೆ ಫೋನ್ ಬಂತು. ರತ್ನಕ್ಕ ಅಲ್ಲ, ಪಿಕಪ್ ಡ್ರೈವರು. "ಕಮಾನಿನತ್ರ ಬಂದುಬುಟ್ವಿ. ಎಲ್ರೂ ಅವ್ರೆ" ಅಂದ. ಇಕ್ಬಾಲಣ್ಣ ಅದನ್ನು ಮೈಕಿನಲ್ಲಿ ಹೇಳುವಾಗ ಅವರ ಗಡಸು ದನಿ ಒಡೆದುಹೋಯಿತು. ನಾನು ಬಿಕ್ಕಿಬಿಕ್ಕಿ ಅತ್ತೆ.

ಸಂಜೆ ಮನೆಗೆ ಹೋಗಲು ಕಾಲೇ ಬರಲಿಲ್ಲ. ಆದರೆ ಬಟ್ಟೆಬರೆ ಎಲ್ಲ ಅಲ್ಲೇ ಇದ್ದವಲ್ಲ. ಮಾವ ಕಣದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆ ಬಾಗಿಲಲ್ಲೇ ಹಿಡಿದುಕೊಂಡರು. "ನಮ್ಮನೇಲೇ ಉಂಡ್ಕೊಂಡು ಊರೆಲ್ಲ ಕೇಳಂಗೆ ನಮ್ ಮಾನ ಕಳೆದ್ಯಲ್ಲೇ! ಒಂದ್ ಮಾತು ಮನೆಗ್ ಬಂದು ಹೇಳಕ್ಕಾಗ್ತಿರ್ಲಿಲ್ವಾ?"

"ಮನೆಗೆ ಬಂದು ಹೇಳೋ ಹೊತ್ತಿಗೆ ಅವರೆಲ್ಲ ಸತ್ತಿರೋರು ಅತ್ತೆ" ಅಂದೆ. ನನಗೂ ಸಿಟ್ಟು ನೆತ್ತಿಗೇರಿತ್ತು. "ಮಾವನ್ನ ಕೇಳಿ, ಮನೇಲಿ ಹೆಣ್ಮಗ ಐತೆ ಅಂತ ನನ್ನ ಮುಂದಿಟ್ಕೊಂಡು ಯಾಕೆ ಸುಳ್ಳು ಹೇಳಿದ್ರು ಅಂತ ಕೇಳಿ!"

ಅತ್ತೆ ಕಣದ ಕಡೆ ನೋಡಿದರು. ಅವರಿಗೆ ಅದು ಗೊತ್ತಿರಲಿಲ್ಲ. "ಇವ್ಳನ್ನಾ? ಇವ್ಳನ್ನ ಮುಂದಿಟ್ಕೊಂಡು ಹೇಳುದ್ರಾ?" ಅಂತ ಕೇಳಿದರು. ಮಾವ ಹಣ್ಣನ್ನು ಒಂದೊಂದೇ ಎತ್ತಿ ಒಂದೊಂದೇ ಹಾಕುತ್ತಿದ್ದರು. ಅತ್ತೆ ಒಳಗೆ ಹೋಗಿ ಒಲೆಯ ಮುಂದೆ ಕೂತರು. ಆವತ್ತು ನಮ್ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಅಮ್ಮ ಹಾಸನದಿಂದ ಫೋನ್ ಮಾಡಿ, ನಾಳೆ ಮೊದಲ ಬಸ್ಸಿಗೇ ಹೊರಟು ಬಾ, ನನ್ನ ತಮ್ಮನ ಮುಖ ನಾನು ಇನ್ನು ಹೇಗೆ ನೋಡಲಿ ಅಂತ ಅತ್ತಳು.

ಬೆಳಗ್ಗೆ ಬ್ಯಾಗು ಹಿಡಿದು ಹೊರಗೆ ಬಂದರೆ ಮಾವ ಸ್ಕೂಟರ್ ಸ್ಟಾರ್ಟ್ ಮಾಡಿ ಕೂತಿದ್ದರು. "ಹತ್ತು" ಅಂದರು, ಅಷ್ಟೇ. ಬಸ್‌ಸ್ಟ್ಯಾಂಡಿಗೆ ಬಿಡುತ್ತಾರೆ ಅಂದುಕೊಂಡೆ. ದಾರಿಯುದ್ದಕ್ಕೂ ಎದುರಾದವರು ಯಾರೂ ಅವರಿಗೆ ಕೈಯೆತ್ತಲಿಲ್ಲ. ಸ್ಕೂಟರು ಗೋದಾಮಿನ ಮುಂದೆ ನಿಂತಿತು. ಮಾವ ನನಗಿಂತ ಮುಂಚೆ ಮೆಟ್ಟಿಲು ಹತ್ತಿದರು. ಇಕ್ಬಾಲಣ್ಣ ಕುರ್ಚಿಯಿಂದ ಎದ್ದರು. ಜಗಳವೇ ಆಗುತ್ತೆ ಅಂತ ನನಗೆ ಭಯ.

"ಸುಳ್ಳು ಫೋನಲ್ಲಿ ಹೇಳುದ್ನಲ್ಲ, ನಿಜಾನ ಎದ್ರಿಗೇ ಹೇಳ್ಬೇಕು. ಅದ್ನ ಕೊಡು ಇಲ್ಲಿ" ಅಂದರು ಮಾವ ಮೈಕು ತೋರಿಸಿ.

ಇಕ್ಬಾಲಣ್ಣ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಆನೆ ಸುದ್ದಿ ಆಗತಾನೇ ಮುಗಿದಿತ್ತು. "ಧರ್ಮಣ್ಣ ಬಂದಿದ್ದಾರೆ, ಮಾತಾಡ್ತಾರೆ" ಅಂತ ಹೇಳಿ ಪಕ್ಕಕ್ಕೆ ಸರಿದರು. ಮಾವ ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಮಾತು ಬರಲಿಲ್ಲ. ನಡುವೆ ಹಾಕಲು ನಮ್ಮ ಹತ್ತಿರ ಒಂದು ಹಾಡಾದರೂ ಇರಬಾರದಿತ್ತಾ. ಸಕಲೇಶಪುರದಿಂದ ಆಲೂರಿನ ತನಕ ಕಮಾನುಗಳಲ್ಲಿ, ಗಾಡಿಗಳಲ್ಲಿ, ಕೂಲಿಯವರ ಲೈನ್ ಮನೆಗಳಲ್ಲಿ ಜನ ನಮ್ಮಾವ ಉಸಿರಾಡುವುದನ್ನು ಕೇಳಿಸಿಕೊಳ್ಳುತ್ತಿದ್ದರು.

ಫೋನ್ ಹೊಡೆದುಕೊಂಡಿತು. ನಾನೇ ಎತ್ತಿದೆ. ರತ್ನಕ್ಕ. "ಹಾಕವ್ವ, ಎಲ್ರೂ ಕೇಳ್ಲಿ" ಅಂದಳು. ಹಾಕಿದೆ.

"ಧರ್ಮಣ್ಣ, ಕೇಳುಸ್ತೈತಾ? ನಿನ್ನೆ ಗಾಡೀಲಿ ನನ್ ಸೊಸೆ ಇದ್ಲು. ಅವ್ಳು ಬಸ್ರಿ. ಅದು ನಿಮ್ಗೂ ಗೊತ್ತು. ಮೊನ್ನೆ ನಿಮ್ ತೋಟ್ದಲ್ಲಿ ಅವ್ಳಿಗೆ, ಬಿಸ್ಲಾಗ್ ನಿಲ್ಬ್ಯಾಡ, ನೆಳ್ಳಲ್ ಕೂತ್ಕೊ ಅಂದೋರು ನೀವೇಯ. ನಾವು ಇನ್ನು ನಿಮ್ ತೋಟಕ್ಕೆ ಬರಕ್ಕಿಲ್ಲ. ಈ ವರ್ಸಾನೂ ಇಲ್ಲ, ಮುಂದುಕ್ಕೂ ಇಲ್ಲ. ನಿಮ್ ಹಣ್ಣು ನೆಲಕ್ಕುದ್ರಿ ಹೋಗ್ಲಿ. ನಮ್ ಹೆಂಗಸ್ರು ಉದ್ರದು ಬ್ಯಾಡ."

ಮಾವ ತಲೆಯಾಡಿಸಿದರು. ರೇಡಿಯೋದಲ್ಲಿ ತಲೆಯಾಡಿಸಿದರೆ ಯಾರಿಗೆ ಕಾಣುತ್ತೆ? ಅದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮೈಕಿನ ಹತ್ತಿರಕ್ಕೆ ಬಗ್ಗಿ, "ಹೂಂ ಕಣವ್ವ" ಅಂದರು.